ಮೊದಲ ಪಾಳಿಯ ಮಜ್ಜಿಗೆ

"ಆ ಕಡಗೋಲು ಕೆಳಗಿಡು ಅಂದೆ."

ಅವನು ಹೇಳಿದ್ದು ಇದು ಎರಡನೇ ಸಲ. ಹೆಂಡತಿ ಹಗ್ಗ ಬಿಡಲಿಲ್ಲ. ಅಡುಗೆಮನೆಯ ಕಿಟಕಿ ಸರಳಿಗೆ ಕಟ್ಟಿದ್ದ ಕಡಗೋಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಗರ್ರೆಂದು ತಿರುಗುತ್ತಲೇ ಇತ್ತು. ದೊಡ್ಡ ಪಾತ್ರೆಯ ಅಂಚಿಗೆ ನೊರೆ ಏರಿತ್ತು. ನಡುವೆ ಬೆಣ್ಣೆಯ ಹರಳು ಒಂದೊಂದೇ ಕಾಣತೊಡಗಿದ್ದವು.

"ಮುಂದಿನ ಕೋಣೇಲಿ ಹೆಣ ಮಲಗಿಸ್ಕೊಂಡು ಯಾರಾದ್ರೂ ಮಜ್ಜಿಗೆ ಕಡೀತಾರಾ?"

"ಹೆಣ ಅನ್ಬೇಡಿ. ಬೆಳಗಿನ ಜಾವದವರೆಗೂ ನನ್ನ ಮಾವ. ಈಗಲೂ ಮಾವನೇ." ಅವಳು ಮೊಣಕೈಯಿಂದ ಹಣೆಯ ಬೆವರು ಒರೆಸಿಕೊಂಡಳು. "ನಿನ್ನೆ ಸಂಜೆ ಮಲಗಿದ್ದಲ್ಲಿಂದಲೇ ಕೇಳಿದ್ರು, ಕಾಯಿಸಿದ ಹಾಲಲ್ಲಿ ಬೆರಳು ಎಷ್ಟು ಹೊತ್ತು ಇಟ್ಟೆ ಅಂತ. ಹತ್ತು ಎಣಿಸೋವರೆಗೆ ಅಂದೆ. ಹಾಗಾದ್ರೆ ಹೆಪ್ಪು ಹಾಕು ಅಂದ್ರು. ನನ್ನ ಹತ್ರ ಆಡಿದ ಕೊನೇ ಮಾತು ಅದು. ಈಗ ಆ ಮೊಸರನ್ನ ಮೋರಿಗೆ ಸುರೀಲಾ?"

"ಜ್ಯೂಸ್ ತರಿಸಿದ್ದೀನಲ್ಲ, ನಾಲ್ಕು ಪೆಟ್ಟಿಗೆ."

"ಅದು ನಿಮ್ಮ ಪ್ರೆಸ್ಸಿನವರಿಗೆ. ಎರಡು ಗಂಟೆಗೆ ಮೊದಲ ಪಾಳಿ ಬಿಡುತ್ತೆ, ಫೌಂಡ್ರಿಯವರು ಅಲ್ಲಿಂದ ನೇರ ಇಲ್ಲಿಗೇ ಬರ್ತಾರೆ. ಪಾಪ, ಇವತ್ತು ಒಂದು ತೊಟ್ಟೂ ಇಲ್ಲದೆ ಕುಲುಮೆ ಮುಂದೆ ನಿಂತಿದ್ದಾರೆ. ದಿನಾ ಮಜ್ಜಿಗೆ ಕ್ಯಾನು ಒಯ್ಯೋನು ಇವತ್ತು ಬರೀ ಸುದ್ದಿ ಒಯ್ದ."

ಗಂಡನ ಸಂಕಟ ಮಜ್ಜಿಗೆಯದಲ್ಲ, ಅದನ್ನು ಕುಡಿಯಲು ಬರುವವರದು. ಮುಂದಿನ ಕೋಣೆಯಲ್ಲಿ ಅಪ್ಪನ ತಲೆಯ ಪಕ್ಕ, ಕುರ್ಚಿ ಎಳೆದುಕೊಂಡು, ಬೆಳಗಿನಿಂದ ಅಲುಗಾಡದೆ ಕೂತಿದ್ದವರು ಅವನ ಹೆಂಡತಿಯ ತಂದೆ. ನಿವೃತ್ತ ಹೆಡ್‌ಮಾಸ್ತರು. ಬಿಳಿ ಅಂಗಿ, ಮಡಿಸಿದ ಕೊಡೆ, ಕಡ್ಡಿ ಮುರಿದಂತೆ ಮಾತು. ಆ ಹೆಡ್‌ಮಾಸ್ತರಿಗೆ ಅವನು ಹನ್ನೊಂದು ವರ್ಷದ ಹಿಂದೆ ಒಂದು ಸುಳ್ಳು ಹೇಳಿದ್ದ. ಈವತ್ತು ಬೆಳಿಗ್ಗೆ ಅದೇ ಸುಳ್ಳನ್ನು ದಪ್ಪ ಕಾಗದದ ಮೇಲೆ, ಕಪ್ಪು ಅಂಚು ಕಟ್ಟಿ, ಅಚ್ಚು ಹಾಕಿಸಿ ಗೇಟಿಗೆ ಅಂಟಿಸಿದ್ದ. ಅಪ್ಪನ ಫೋಟೊ, ಅದರ ಕೆಳಗೆ: ಎರಕದ ಕಾರ್ಖಾನೆಯ ನಿವೃತ್ತ ಮೇಲ್ವಿಚಾರಕರು.

ಪ್ರೆಸ್ಸಿನಲ್ಲಿ ಅವನದು ಕರಡು ತಿದ್ದುವ ಕೆಲಸ. ಕಂಡವರ ತಪ್ಪು ತಿದ್ದುವುದೇ ಹೊಟ್ಟೆಪಾಡು. ಈ ಕರಡನ್ನೂ ಅವನೇ ಓದಿದ್ದ. ಆ ಒಂದು ಸಾಲಿನ ಮುಂದೆ ಕೆಂಪು ಪೆನ್ನು ಒಂದು ಗಳಿಗೆ ನಿಂತಿತು, ಮುಂದೆ ಹೋಯಿತು.

*

ಅಪ್ಪ ಇಪ್ಪತ್ತೊಂಬತ್ತು ವರ್ಷ ಕುಲುಮೆಯ ಹೆಲ್ಪರ್ ಆಗಿದ್ದ. ಕಲ್ಲಿದ್ದಲು ಎತ್ತಿ ಹಾಕುವುದು, ಕರಗಿದ ಕಬ್ಬಿಣದ ಮೇಲಿನ ಕಿಟ್ಟ ಎಳೆಯುವುದು, ಬಾಗಿಲು ತೆಗೆಯುವುದು, ಮುಚ್ಚುವುದು. ಸೇರಿದಾಗ ಹೆಲ್ಪರ್, ಬಿಟ್ಟಾಗ ಹೆಲ್ಪರ್.

ಮಗ ನಾಲ್ಕನೇ ತರಗತಿಯಲ್ಲಿದ್ದಾಗ, ಒಂದು ಬಿರುಬೇಸಿಗೆಯಲ್ಲಿ, ಆ ಪಾಳಿಯ ಒಬ್ಬ ತಲೆ ತಿರುಗಿ ಬಿದ್ದ. ಬೀಳುವಾಗ ಕೈಯಲ್ಲಿ ಕರಗಿದ ಕಬ್ಬಿಣ ತುಂಬಿದ ಎರಕದ ಸೌಟಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆಮೇಲೆ ಎಲ್ಲರಿಗೂ ಉಪ್ಪಿನ ಗುಳಿಗೆ ಹಂಚಿದರು. ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ, ಮೇಲೆ ನೀರು ಕುಡಿದು, ಅರ್ಧ ಪಾಳಿ ಗೋಡೆ ಹಿಡಿದು ವಾಂತಿ ಮಾಡಿತು. ಅಪ್ಪ ಅವತ್ತು ಮನೆಗೆ ಬಂದವನೇ, ಆಗಿನ್ನೂ ಬದುಕಿದ್ದ ಅಮ್ಮನನ್ನು ಕೇಳಿದ: "ನನಗೆ ಮೊಸರು ಮಾಡೋದು ಹೇಳಿಕೊಡು."

ಅಮ್ಮ ನಕ್ಕಿದ್ದೇ ನಕ್ಕಿದ್ದು. "ಕಬ್ಬಿಣ ಕರಗಿಸೋ ಗಂಡಸಿಗೆ ಬೆಣ್ಣೆ ಎತ್ತೋಕೆ ಬರಲ್ವಂತೆ, ಕೇಳ್ರಪ್ಪ!"

ನಿಜವಾಗಿಯೂ ಬರುತ್ತಿರಲಿಲ್ಲ. ಮೊದಲ ದಿನ ಬೆಣ್ಣೆ ತೆಗೆಯದೆ ಗಟ್ಟಿಯಾಗಿಯೇ ಫೌಂಡ್ರಿಗೆ ಒಯ್ದ, ಕುಡಿದವರೆಲ್ಲ ತೂಕಡಿಸಿದರು. ಪಾಳಿಯ ಈಗಿನ ದೊಡ್ಡ ಮೇಸ್ತ್ರಿ, ಆಗಿನ್ನೂ ಹುಡುಗ, "ಇದೇನಣ್ಣ, ಮಜ್ಜಿಗೆನೋ ಜೋಗುಳನೋ?" ಎಂದು ಕೂಗಾಡಿದನಂತೆ. ಇನ್ನೊಂದು ದಿನ ಹಸಿಮೆಣಸಿನಕಾಯಿ ಹೆಚ್ಚಾಗಿ, ಹೊರಗೂ ಬೆಂಕಿ ಒಳಗೂ ಬೆಂಕಿ. ಐಸ್ ಹಾಕಿದ ದಿನ ಎಲ್ಲರ ಗಂಟಲೂ ಕಟ್ಟಿತು. ಏಳು ವಾರ ಹೀಗೇ ನಡೆಯಿತು. ಬೈಸಿಕೊಂಡು ಬರುತ್ತಿದ್ದ, ಮತ್ತೆ ಹೆಪ್ಪು ಹಾಕುತ್ತಿದ್ದ.

ಕೊನೆಗೆ ಒಂದು ಹದ ಕೂತಿತು. ಮೊಸರು ಒಂದು ಪಾಲು, ನೀರು ಮೂರು ಪಾಲು, ಬೇಸಿಗೆಗೆ ನಾಲ್ಕು. ಬೆಣ್ಣೆ ಪೂರ್ತಿ ತೆಗೆಯಬೇಕು. ಮಿಕ್ಸಿ ಮುಟ್ಟಕೂಡದು, ಅದರ ಓಟಕ್ಕೆ ಬೆಣ್ಣೆ ಮಜ್ಜಿಗೆಯಲ್ಲೇ ಕಲೆತು ಕೂರುತ್ತದೆ. ಜೀರಿಗೆ ಹುರಿದು ಪುಡಿ ಮಾಡಬೇಕು, ಶುಂಠಿ ಜಜ್ಜಿ ರಸ ಹಿಂಡಬೇಕು, ಪುದೀನ ನಾಲ್ಕೇ ಎಲೆ. ಉಪ್ಪು, ನಾಲಿಗೆಗೆ ಸರಿ ಅನ್ನಿಸಿದ ಮೇಲೆ ಇನ್ನೊಂದು ಚಿಟಿಕೆ. "ಆ ಚಿಟಿಕೆ ನಾಲಿಗೆಗಲ್ಲ, ಬೆವರಿಗೆ," ಎನ್ನುತ್ತಿದ್ದ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಕುಲುಮೆ ಮುಂದೆ ಗಟಗಟ ಕುಡಿದು ಕೆಲಸಕ್ಕೆ ತಿರುಗಿದವನಿಗೆ ಗಂಟಲಲ್ಲಿ ಒಂದು ಚೂರು ಎಲೆ ಸಿಕ್ಕಿ ಕೆಮ್ಮು ಬಂದರೆ, ಆಗ ಕೈಯಲ್ಲಿರುವುದು ಲೋಟವಲ್ಲ, ಕಾದ ಕಬ್ಬಿಣ.

ಮನೆಯೆಲ್ಲ ಹುಳಿ ವಾಸನೆ. ಪರದೆಯಲ್ಲಿ, ಹಾಸಿಗೆಯಲ್ಲಿ, ಅವನ ಶಾಲೆಯ ಅಂಗಿಯಲ್ಲಿ. ತರಗತಿಯ ಹುಡುಗರು ಅವನಿಗೆ "ಹುಳಿ" ಎಂದು ಹೆಸರಿಟ್ಟರು. ಆರು ವರ್ಷ ಆ ಹೆಸರಲ್ಲೇ ಹಾಜರಿ. ಅವನು ಬಟ್ಟೆಯನ್ನು ತಾನೇ ಒಗೆದುಕೊಳ್ಳಲು ಕಲಿತ; ಒಣಗಲು ತಾರಸಿಯ ಆ ತುದಿಗೆ ಹಾಕುತ್ತಿದ್ದ, ಮನೆಯ ಗಾಳಿ ಸೋಕದ ಕಡೆ.

*

ಮಧ್ಯಾಹ್ನ ಎರಡೂಕಾಲಿಗೆ ಸಾಮಾನಿನ ವ್ಯಾನೊಂದು ಗೇಟಿನ ಮುಂದೆ ನಿಂತಿತು. ಹದಿನಾಲ್ಕು ಜನ ಇಳಿದರು. ಮುಖ ತೊಳೆದಿದ್ದರೂ ಕಿವಿಯ ಹಿಂದೆ ಮಸಿ ಹಾಗೇ ಇತ್ತು. ಎಲ್ಲರಿಗಿಂತ ಮುಂದೆ ದೊಡ್ಡ ಮೇಸ್ತ್ರಿ, ಬರುವ ವರ್ಷ ನಿವೃತ್ತಿಯಾಗುವವನು. ಅವನ ಹಿಂದೆ ಎಲ್ಲರೂ "ಏಣಿ" ಎಂದು ಕರೆಯುವ ಉದ್ದನೆಯವನು. ಅಪ್ಪ ಕೆಲಸ ಬಿಟ್ಟ ಮೇಲೂ ಆರು ವರ್ಷ, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಕ್ಯಾನು ಒಯ್ಯುತ್ತಿದ್ದವನು ಅವನೇ.

ಮಗ ಓಡಿಹೋಗಿ ಗೇಟಿನ ಬಳಿ ನಿಂತ. ಬೆನ್ನಿನಿಂದ ಆ ಕಾಗದ ಮುಚ್ಚುವ ಯೋಚನೆ. ಆದರೆ ಏಣಿಯ ಕಣ್ಣು ಎಂಥ ಬೆನ್ನನ್ನಾದರೂ ದಾಟುವ ಎತ್ತರದಲ್ಲಿತ್ತು.

"ಮೇಸ್ತ್ರಿ, ಇಲ್ನೋಡಿ! ಅಣ್ಣನಿಗೆ ಬಡ್ತಿ ಸಿಕ್ಕಿದೆ!"

"ಏನಂತೆ?"

"ಮೇಲ್ವಿಚಾರಕರಂತೆ. ಬದುಕಿದ್ದಾಗ ಕೊಡ್ಲಿಲ್ಲ ಬಡ್ಡಿಮಕ್ಕಳು, ಈಗ ಕೊಟ್ಟಿದ್ದಾರೆ."

"ಅಚ್ಚು ತಪ್ಪಾಗಿರ್ಬೇಕು ಬಿಡೋ," ಎಂದ ಹಿಂದಿನಿಂದ ಯಾರೋ.

ಮೇಸ್ತ್ರಿ ಕನ್ನಡಕ ಏರಿಸಿ ಕಾಗದ ಓದಿದ. ಆಮೇಲೆ ಗೇಟಿಗೆ ಒರಗಿದ್ದವನ ಮುಖ ಓದಿದ. ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುವ ಕಣ್ಣು. ಅಲ್ಲಿ ಅಚ್ಚಿನ ತಪ್ಪಲ್ಲದ್ದು ಏನೋ ಇದೆ ಎಂದು ಗೊತ್ತಾಗಲು ತಡವಾಗಲಿಲ್ಲ. ಅವನ ಭುಜ ಹಿಡಿದು ಪಕ್ಕಕ್ಕೆ ಕರೆದ.

"ಒಳಗೆ ಯಾರಿದ್ದಾರೆ?"

"ನನ್ನ ಮಾವ. ಹೆಂಡತಿಯ ಅಪ್ಪ."

"ಅವರಿಗೆ ಹೀಗಂತ ಹೇಳಿದ್ಯಾ?"

ಅವನು ತಲೆ ತಗ್ಗಿಸಿದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ.

"ಸರಿ. ನಾವೇನು ಹೇಳ್ಬೇಕು ಹೇಳು. ಹಾಗೇ ಹೇಳ್ತೀವಿ. ಏಣಿ ಬಾಯಿಗೆ ನಾನು ಬೀಗ ಹಾಕ್ತೀನಿ." ಮೇಸ್ತ್ರಿಯ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. "ಆದರೆ ಒಂದು ಮಾತು ಹೇಳಿರ್ತೀನಿ, ಮನಸಲ್ಲಿಟ್ಕೊ. ನನ್ನ ಕಾಲದಲ್ಲಿ ಒಂಬತ್ತು ಜನ ಸೂಪರ್‌ವೈಸರು ಬಂದ್ರು, ಹೋದ್ರು. ನಾಲ್ಕು ಜನ ಸತ್ತೂ ಹೋದ್ರು. ಒಬ್ಬರ ಮಣ್ಣಿಗೂ ಈ ಪಾಳಿ ಹೋಗಿಲ್ಲ. ಇವತ್ತು ನೋಡು, ಹದಿನಾಲ್ಕಕ್ಕೆ ಹದಿನಾಲ್ಕೂ ಬಂದಿದ್ದೀವಿ. ಎರಡನೇ ಪಾಳಿಯವರು ನಾವೂ ಬರ್ತೀವಿ ಅಂತ ಜಗಳಕ್ಕೆ ನಿಂತಿದ್ರು. ಕುಲುಮೆ ಆರಿಸೋ ಹಾಗಿಲ್ಲವಲ್ಲ, ಅದಕ್ಕೆ ಬಿಟ್ಟು ಬಂದ್ವಿ."

ಒಳಗೆ ಹೋದ ಹದಿನಾಲ್ಕು ಜನ ಅಪ್ಪನ ಸುತ್ತ ನಿಂತರು. ಅಪ್ಪನ ಎರಡೂ ಮುಂಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಕಿಡಿ ಹಾರಿ ಸುಟ್ಟ ಚುಕ್ಕೆಗಳು. ನಿಂತವರ ಕೈಗಳಲ್ಲೂ ಅವೇ ಚುಕ್ಕೆಗಳು. ಹೆಡ್‌ಮಾಸ್ತರು ಕೂತಲ್ಲಿಂದಲೇ ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದರು.

ಹೆಂಡತಿ ತಟ್ಟೆಯಲ್ಲಿ ಲೋಟ ಜೋಡಿಸಿಕೊಂಡು ಬಂದಳು. ಯಾರೂ ಬೇಡವೆನ್ನಲಿಲ್ಲ. ಮೇಸ್ತ್ರಿ ಮೊದಲ ಗುಟುಕು ಬಾಯಲ್ಲೇ ಹಿಡಿದು, ಕಣ್ಣು ಮುಚ್ಚಿದ.

"ಹೇಗಿದೆ?" ಅವಳ ದನಿ ಸಣ್ಣದಾಗಿತ್ತು. "ಇವತ್ತು ಉಪ್ಪು ನೋಡಿ ಹೇಳೋರು ಇರ್ಲಿಲ್ಲ."

"ಅಣ್ಣ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ರು," ಎಂದ ಮೇಸ್ತ್ರಿ, ಗುಟುಕು ನುಂಗಿ. "ಎರಡು ತಿಂಗಳಿಂದ ಮಜ್ಜಿಗೆ ಮಾಡಿದ್ದು ಬೇರೆ ಕೈ ಅಂತ ನಮ್ಮಲ್ಲಿ ಒಬ್ಬನ ನಾಲಿಗೆಗೂ ಗೊತ್ತಾಗ್ಲಿಲ್ಲ, ತಾಯಿ."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಡತಿ, ತಟ್ಟೆ ಅಲ್ಲೇ ಇಟ್ಟು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಏಣಿ ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿ, ಉಳಿದದ್ದನ್ನು ಕ್ಯಾನಿಗೆ ತುಂಬಿ, ಲೋಟಗಳ ಸಮೇತ ವ್ಯಾನಿಗೆ ಏರಿಸಿದ.

*

ಮದುವೆಯ ಮಾತಿಗೆ ಕೂತ ದಿನ ಹೆಡ್‌ಮಾಸ್ತರು ನೇರ ಅವನನ್ನೇ ಕೇಳಿದ್ದರು: "ತಂದೆಯವರಿಗೆ ಏನು ಕೆಲಸ?"

ಅಪ್ಪ ಪಕ್ಕದಲ್ಲೇ ಇದ್ದ. ಬಾಯಿ ತೆರೆಯುವಷ್ಟರಲ್ಲಿ ಅವನು ಅಂದುಬಿಟ್ಟ: "ಫೌಂಡ್ರಿಯಲ್ಲಿ ಸೂಪರ್‌ವೈಸರ್."

ಆರು ವರ್ಷದ "ಹುಳಿ" ಆ ಒಂದು ಗಳಿಗೆಯಲ್ಲಿ ಗಂಟಲಿಗೆ ಬಂದಿತ್ತು. ಹೇಳಿದ ಮೇಲೆ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಅಪ್ಪ ಮಡಿಚಿದ್ದ ತೋಳಿನ ಅಂಗಿಯನ್ನು ನಿಧಾನವಾಗಿ ಬಿಡಿಸಿ ಮಣಿಕಟ್ಟಿನವರೆಗೆ ಇಳಿಸಿಕೊಂಡ, ಗುಂಡಿ ಹಾಕಿದ.

"ಹೌದು ಸ್ವಾಮಿ," ಎಂದ. "ನೋಡಿಕೊಳ್ಳೋ ಕೆಲಸ."

ಅಂದಿನಿಂದ ಬೀಗರು ಬರುತ್ತಾರೆಂದರೆ ಕ್ಯಾನು ಅಟ್ಟಕ್ಕೆ ಏರುತ್ತಿತ್ತು, ಕಡಗೋಲು ಮಂಚದ ಕೆಳಗೆ ಹೋಗುತ್ತಿತ್ತು, ಅಪ್ಪ ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದ. ಮಗನನ್ನು ಒಂದು ದಿನವೂ "ಯಾಕೆ ಹಾಗಂದೆ" ಎಂದು ಕೇಳಲಿಲ್ಲ. ಮದುವೆಯಾದ ವಾರದಲ್ಲೇ ಹೆಂಡತಿಗೆ ಎಲ್ಲ ತಿಳಿಯಿತು. ಅವಳ ತಂದೆಗೆ ಹೇಳಬೇಡವೆಂದು ಗಂಡ ಅವಳಿಂದ ಮಾತು ತೆಗೆದುಕೊಂಡ. ಅವಳು ಮಾತು ಕೊಟ್ಟಳು, ಉಳಿಸಿಕೊಂಡಳು. ಆದರೆ ಮಾವನಿಂದ ಮಜ್ಜಿಗೆ ಕಲಿಯುವುದನ್ನು ಬಿಡಲಿಲ್ಲ.

*

ಸುಡುಗಾಡಿನ ಆಫೀಸು ಒಂದು ಮೇಜು, ಒಂದು ಫ್ಯಾನು. ಗುಮಾಸ್ತ ದಪ್ಪ ರಿಜಿಸ್ಟರು ತೆರೆದಿದ್ದ. ಹೆಸರಾಯಿತು, ವಯಸ್ಸು ಅರವತ್ತಾರು ಎಂದು ಬರೆದಾಯಿತು. ಗುಮಾಸ್ತನ ಎಡಗೈಯಲ್ಲಿ ಅದೇ ಕಪ್ಪು ಅಂಚಿನ ಕಾಗದ.

"ಉದ್ಯೋಗ... ಮೇಲ್ವಿಚಾರಕರು. ಅಲ್ವಾ ಸಾರ್?"

ಅವನ ಬಲಕ್ಕೆ ಹೆಡ್‌ಮಾಸ್ತರು, ಎಡಕ್ಕೆ ಮೇಸ್ತ್ರಿ. ಮೇಸ್ತ್ರಿ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದ, ಮಾತು ಕೊಟ್ಟಿದ್ದನಲ್ಲ. ಬಾಗಿಲಲ್ಲಿ ಏಣಿ, ತುಟಿ ಬಿಗಿಹಿಡಿದು. ಒಂದು "ಹೂಂ" ಅಂದರೆ ಮುಗಿಯಿತು. ಈ ರಿಜಿಸ್ಟರಿನಲ್ಲಿ ಬರೆದದ್ದನ್ನು ಇನ್ನು ಯಾರೂ ತಿದ್ದುವುದಿಲ್ಲ. ಅಪ್ಪ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ ಎಲ್ಲೂ ಇಲ್ಲವಾಗುತ್ತದೆ.

ಗುಮಾಸ್ತ "ಮೇ" ಎಂದು ಬರೆದಾಗಿತ್ತು.

"ಅದನ್ನ ಹೊಡೆದು ಹಾಕಿ."

"ಏನ್ ಸಾರ್?"

"ಅಚ್ಚಾಗಿರೋದು ಸುಳ್ಳು. ನಾನೇ ಹಾಕಿಸಿದ್ದು. ಕುಲುಮೆ ಹೆಲ್ಪರ್ ಅಂತ ಬರೀರಿ. ಇಪ್ಪತ್ತೊಂಬತ್ತು ವರ್ಷ." ಅವನು ರಿಜಿಸ್ಟರಿನ ಮೇಲೆ ಬೆರಳೂರಿ ಆ ಕಾಲಂ ತೋರಿಸಿದ. "ಜೊತೆಗೆ ಪಾಳಿಗೆಲ್ಲ ಮಜ್ಜಿಗೆ ಮಾಡ್ತಿದ್ರು. ಅದನ್ನೂ ಬರೀರಿ."

"ಕಾಲಂ ಚಿಕ್ಕದು ಸಾರ್."

"ಹಾಗಾದ್ರೆ ಸಣ್ಣಕ್ಷರದಲ್ಲಿ ಬರೀರಿ. ಹಿಡಿಸುತ್ತೆ. ನಂಗೆ ಗೊತ್ತು, ನನ್ನ ಕೆಲಸವೇ ಅದು."

ಗುಮಾಸ್ತ ಬರೆದ. ಅವನು ಬಗ್ಗಿ ಓದಿ, ತಪ್ಪಿಲ್ಲವೆಂದು ನೋಡಿಕೊಂಡು, ಆಮೇಲೆ ಹೆಡ್‌ಮಾಸ್ತರ ಕಡೆ ತಿರುಗಿದ. "ಮಾವ, ನಿಮಗೆ ನಾನು..."

"ಗೊತ್ತು," ಎಂದರು ಹೆಡ್‌ಮಾಸ್ತರು.

"ಇವತ್ತು ಇವರ ಕೈ ನೋಡಿ ಗೊತ್ತಾಯ್ತಾ?"

"ಹನ್ನೊಂದು ವರ್ಷದಿಂದ ಗೊತ್ತು. ಮದುವೆಯಾಗಿ ಮೂರು ತಿಂಗಳಿಗೆ, ಒಂದು ಮಧ್ಯಾಹ್ನ ಮಗಳನ್ನ ನೋಡೋಣ ಅಂತ ಹೇಳದೆ ಕೇಳದೆ ಬಂದೆ. ಬಿಸಿಲಿಗೆ ತಲೆ ಸುತ್ತಿ ನಿಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ ನಿಮ್ಮಪ್ಪ ಎರಡು ಲೋಟ ಮಜ್ಜಿಗೆ ಕುಡಿಸಿದ್ರು. ಜೀವ ಬಂತು. ಬೀಗರೇ, ಸೂಪರ್‌ವೈಸರಿಗೆ ಇದು ಹೇಗೆ ಗೊತ್ತು ಅಂತ ಕೇಳಿದೆ. ಅಂಗಿ ತೋಳು ಮಡಿಚಿ ಕೈ ತೋರಿಸಿದ್ರು." ಹೆಡ್‌ಮಾಸ್ತರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ನನಗೆ ಕೋಪ ಬಂತು, ಸುಳ್ಳು ಹೇಳೋದಿಲ್ಲ. ಅಳಿಯನನ್ನ ಕೂರಿಸ್ಕೊಂಡು ಕೇಳ್ತೀನಿ ಅಂದೆ. ಬೇಡಿ, ಅಂದ್ರು. ಹುಡುಗ ಅವಸರದಲ್ಲಿ ಒಂದು ಮಾತು ಆಡಿದ್ದಾನೆ, ತಾನಾಗೇ ತಿದ್ಕೊಳ್ತಾನೆ. ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸಬಾರದು, ಅಂದ್ರು. ಹನ್ನೊಂದು ವರ್ಷ ನಾವಿಬ್ಬರೂ ಅಲ್ಲಾಡಿಸದೆ ಕೂತಿದ್ವಪ್ಪ."

ಅವನು ಗುಮಾಸ್ತನ ಕೈಯಿಂದ ಕಪ್ಪು ಅಂಚಿನ ಕಾಗದ ತೆಗೆದುಕೊಂಡು ಮಡಿಚಿದ.

"ನೀನು ಪ್ರೆಸ್ಸಿಗೆ ಹೋದ ಮೇಲೆ ತಿಂಗಳಿಗೊಂದು ಸಲ ಬರ್ತಿದ್ದೆ. ಕುಡಿದು, ನೀನು ಬರೋದರೊಳಗೆ ಹೊರಡ್ತಿದ್ದೆ. ಮಜ್ಜಿಗೆಗೆ ಬಂದು ಗಡಿಗೆ ಬಚ್ಚಿಟ್ಟ ಹಾಗೆ ಅಂತಾರಲ್ಲ, ಈ ವಯಸ್ಸಲ್ಲಿ ನನ್ನ ಕೈಲಿ ಅದನ್ನೂ ಮಾಡಿಸಿದೆ ನೀನು."

ಬಾಗಿಲಲ್ಲಿ ಏಣಿ ಫಕ್ಕನೆ ನಕ್ಕ. ಮೇಸ್ತ್ರಿ ಗದರಲು ತಿರುಗಿದವನು ತಾನೂ ನಕ್ಕ. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

*

ಒಲೆಯ ಕೋಣೆಯಲ್ಲಿ ಶಾಖ ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ಫೌಂಡ್ರಿಯವರಿಗೆ ಅದೇನೂ ಅನ್ನಿಸಲಿಲ್ಲ. ಮನೆಗೆ ಬಂದವರಂತೆ ಒಳಗೆ ನಡೆದರು. ಒಲೆಯೊಳಗೆ ಸಾಗಿಸುವ ಹಳಿಯ ಮೇಲೆ ಅಪ್ಪ. ಒಲೆ ನೋಡಿಕೊಳ್ಳುವವನು ಬನಿಯನ್ನಿನಲ್ಲಿದ್ದ, ಕುತ್ತಿಗೆಗೆ ಒದ್ದೆ ಟವೆಲ್ಲು. ಕಬ್ಬಿಣದ ಬಾಗಿಲ ಹಿಡಿಗೆ ಕೈ ಹಾಕಿ, "ಎಲ್ಲ ಆಯ್ತಾ? ತೆಗೀಲಾ?" ಎಂದ.

"ತಡಿಯಪ್ಪ," ಎಂದ ಮೇಸ್ತ್ರಿ.

ಏಣಿ ಕ್ಯಾನು ತಂದು ಗೋಡೆಯ ಕಟ್ಟೆಯ ಮೇಲಿಟ್ಟ, ಲೋಟಗಳನ್ನು ಸಾಲಾಗಿ ಜೋಡಿಸಿದ. ಮೇಸ್ತ್ರಿ ಅವನಿಗೆ ಮೆಲ್ಲಗೆ ಹೇಳಿದ: "ಇದು ನಿಮ್ಮಪ್ಪನ ಕಾಯಿದೆ. ಪಾಳಿಯವರೆಲ್ಲ ಕುಡಿದು ಲೋಟ ಬೋರಲು ಹಾಕೋವರೆಗೆ ಕುಲುಮೆ ಬಾಗಿಲು ತೆಗೆಯೋ ಹಾಗಿಲ್ಲ. ಸೂಪರ್‌ವೈಸರು ಗಂಟೆ ನೋಡ್ಕೊಂಡು ಬಡ್ಕೊಂಡ್ರೂ ತೆಗೀತಿರ್ಲಿಲ್ಲ. ಅವತ್ತು ಬಿದ್ದವನೇ ಕೊನೆ. ಆಮೇಲೆ ನಮ್ಮ ಪಾಳಿಯಲ್ಲಿ ಒಬ್ಬನೂ ಬಿದ್ದಿಲ್ಲ. ಬಡಿಸು."

ಅವನು ಬಡಿಸಿದ. ಕೈಗೆ ಅಭ್ಯಾಸವಿಲ್ಲದೆ ಮೊದಲ ಲೋಟ ಚೆಲ್ಲಿತು. ಎರಡನೆಯದಕ್ಕೆ ಹದ ಸಿಕ್ಕಿತು. ಹದಿನಾಲ್ಕು ಜನ ಕುಡಿದರು. ಹೆಡ್‌ಮಾಸ್ತರು ಕುಡಿದರು. ಜೊತೆಗೇ ಬಂದಿದ್ದ ಹೆಂಡತಿ ಕುಡಿದಳು. ಅವನೂ ನಿಂತೇ ಕುಡಿದ. ಕಟ್ಟೆಯ ಮೇಲೆ ಲೋಟಗಳು ಒಂದರ ಪಕ್ಕ ಒಂದು ಬೋರಲಾದವು.

"ಈಗ ತೆಗೀಲಾ?" ಎಂದ ಒಲೆಯವನು.

ಮೇಸ್ತ್ರಿ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಬಡಿಸುತ್ತಿದ್ದ ಅವನೇ ಕ್ಯಾನು ಬಗ್ಗಿಸಿ ಇನ್ನೊಂದು ಲೋಟ ತುಂಬಿದ. ಬಾಗಿಲ ಹಿಡಿಯ ಮೇಲಿದ್ದ ಆ ಕೈಯ ಹತ್ತಿರ ಒಯ್ದ. ಆ ಕೈಯ ಮೇಲೂ ಸುಟ್ಟ ಚುಕ್ಕೆಗಳಿದ್ದವು.

"ನೀವಿನ್ನೂ ಕುಡಿದಿಲ್ಲ," ಎಂದ.

ಒಲೆಯವನು ಲೋಟವನ್ನೂ ಅವನ ಮುಖವನ್ನೂ ನೋಡಿದ. ಟವೆಲ್ಲಿನಿಂದ ಕೈ ಒರೆಸಿಕೊಂಡು, ಲೋಟ ತೆಗೆದುಕೊಂಡು, ತಲೆ ಎತ್ತಿ ಒಂದೇ ಉಸಿರಿಗೆ ಕುಡಿದ. ಬೋರಲು ಹಾಕಲು ಹೋದವನು ಅರ್ಧದಲ್ಲಿ ತಡೆದ.

"ಇನ್ನೊಂದು ಸಿಗುತ್ತಾ?" ಎಂದು ಕೇಳಿದ, ಸಂಕೋಚದಿಂದ.

ಅವನು ಮತ್ತೆ ಕ್ಯಾನು ಬಗ್ಗಿಸಿದ. ಯಾರೂ ಅವಸರ ಮಾಡಲಿಲ್ಲ. ಶಾಖ ಕಾರುವ ಬಾಗಿಲ ಮುಂದೆ ಹದಿನಾಲ್ಕು ಜನ ಕೈಕಟ್ಟಿ ನಿಂತು, ಒಬ್ಬ ಮನುಷ್ಯ ಮಜ್ಜಿಗೆ ಕುಡಿದು ಮುಗಿಸುವುದನ್ನು ಕಾದರು.